ಎಣಿಸಿದರೆ ಕಡಿಮೆಯಾಗದ ಕಳವು

ದಾವಣಗೆರೆಯ ರಕ್ತಪರೀಕ್ಷಾ ಲ್ಯಾಬಿನ ಹೊಸ ಸ್ಯಾಂಪಲ್ ಸೆಂಟರ್ ಹರಿಹರದಲ್ಲಿ ಗುರುವಾರ ಬಾಗಿಲು ತೆರೆಯಬೇಕಿತ್ತು. ಸೋಮವಾರ ಬೆಳಿಗ್ಗೆಯಾದರೂ ಅಲ್ಲಿಯ ಕಂಪ್ಯೂಟರ್ ಡಾಕ್ಟರ ಸಹಿಯನ್ನು ಒಪ್ಪಿಕೊಂಡಿರಲಿಲ್ಲ.

"ಅಕ್ಕಾ, ನೀವು ಕಳಿಸಿದ ಫೈಲು ಇದಕ್ಕೆ ಹಿಡಿಸ್ತಿಲ್ಲ" ಎಂದು ಸೆಂಟರ್ ನೋಡಿಕೊಳ್ಳುವ ಕೊಟ್ರೇಶ್ ಫೋನಿನಲ್ಲಿ ಹೇಳಿದ. "ಪಿಎಫ್ಎಕ್ಸ್ ಅನ್ನೋ ನಮೂನೆದು ಬೇಕಂತೆ. ಒಂದು ವೆಬ್‌ಸೈಟ್ ಐತೆ, ಪುಕ್ಕಟೆ. ಹಾಕಿದ್ರೆ ಒಂದು ನಿಮಿಷಕ್ಕೆ ಬದಲಾಯಿಸಿ ಕೊಡ್ತದೆ. ಲಿಂಕ್ ಕಳಿಸೀನಿ ನೋಡ್ರಿ."

ದಾವಣಗೆರೆಯ ಲ್ಯಾಬಿನಲ್ಲಿ ಕುಳಿತಿದ್ದ ಭುವನೇಶ್ವರಿ ಲಿಂಕ್ ತೆರೆದಳು. ಹನ್ನೊಂದು ವರ್ಷದಿಂದ ಅವಳು ಇಲ್ಲಿಯ ಟೆಕ್ನಿಷಿಯನ್. ರಕ್ತದ ಟ್ಯೂಬಿನ ಮೇಲಿನ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು ಓದುವವಳು. ಮನೆಗೆ ಹೋದ ಮೇಲೂ ಫ್ರಿಜ್ಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡಿದವಳು.

ಒಂದು ವರ್ಷದಿಂದ ಲ್ಯಾಬಿನ ರಿಪೋರ್ಟ್ ನೇರ ಮೊಬೈಲಿಗೇ ಹೋಗುತ್ತದೆ. ಕೆಳಗೆ ಡಾ. ಶಾಂತಕುಮಾರಿಯವರ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಬೀಳುವುದು ಒಂದು ಚಿಕ್ಕ ಫೈಲಿನಿಂದ. ಅದಕ್ಕೆ ಪ್ರೈವೇಟ್ ಕೀ ಎಂದು ಹೆಸರು. ಆ ಫೈಲು ಯಾರ ಕೈಯಲ್ಲಿದೆಯೋ ಅವರು ಡಾಕ್ಟರ ಹೆಸರಿನಲ್ಲಿ ಸಹಿ ಹಾಕಬಲ್ಲರು. ಅದರ ಜೊತೆಗೆ, ಆ ಸಹಿ ಡಾಕ್ಟರದೇ ಎಂದು ಹೇಳುವ ಸರ್ಟಿಫಿಕೇಟ್ ಫೈಲೊಂದು ಇರುತ್ತದೆ.

ಪರದೆಯ ಮೇಲೆ ವೆಬ್‌ಸೈಟಿನ ಹಸಿರು ಗುಂಡಿ ಕಾಣುತ್ತಿತ್ತು. 'ನಿಮ್ಮ ಕೀ ಫೈಲನ್ನು ಇಲ್ಲಿ ಹಾಕಿ' ಎಂದಿತ್ತು. ಭುವನೇಶ್ವರಿಯ ಕೈ ಮೌಸಿನ ಮೇಲೆ ನಿಂತಿತು.

"ಏನೇ ಭುವನಾ, ನಮ್ಮ ಅಮ್ಮಿಯ ಎರಡನೇ ಸ್ಯಾಂಪಲ್ ಎಷ್ಟೊತ್ತಿಗೆ?"

ಕೇಳಿದವಳು ಫಿರ್ದೌಸ್. ಇಬ್ಬರೂ ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು. ಫಿರ್ದೌಸ್ ಈಗ ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾಳೆ. ಅವತ್ತು ರಜೆ ಹಾಕಿ ಅತ್ತೆ ಖತೀಜಾಬೀಯವರನ್ನು ಶುಗರ್ ಪರೀಕ್ಷೆಗೆ ಕರೆತಂದಿದ್ದಳು. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿಂದು ಬಂದಿದ್ದರು.

"ತಿಂದು ಎರಡು ತಾಸಿಗೆ. ಏನು ತಿಂದ್ರಿ ಖಾಲಾ?"

"ಎರಡು ಇಡ್ಲಿ, ಬೇಟಿ" ಎಂದರು ಖತೀಜಾಬೀ.

"ಆ ಇಡ್ಲಿನ ದೋಸೆ ಹಂಗೆ ಹೆಂಚಿನ ಮೇಲೆ ಹುಯ್ದು ಬೆಣ್ಣೆ ಹಚ್ಚಿದ್ರು" ಎಂದಳು ಫಿರ್ದೌಸ್. ಆಮೇಲೆ ಪರದೆ ನೋಡಿದಳು. ನಗು ನಿಂತಿತು. "ಇದೇನು ಮಾಡಾಕೆ ಹೊಂಟೀಯ?"

ಭುವನೇಶ್ವರಿ ಹೇಳಿದಳು.

"ಕೈ ತೆಗಿ ಮೊದಲು" ಎಂದಳು ಫಿರ್ದೌಸ್, ಬಿಸಿ ಪಾತ್ರೆ ಮುಟ್ಟಲು ಹೋದ ಮಗುವಿಗೆ ಹೇಳಿದ ಹಾಗೆ. "ಆ ವೆಬ್‌ಸೈಟ್ ಯಾರದು?"

"ಗೊತ್ತಿಲ್ಲ."

"ಯಾವ ಊರಿಂದು?"

"ಗೊತ್ತಿಲ್ಲ."

"ಗುರುತು ಪರಿಚಯ ಇಲ್ಲದವರ ಕೈಗೆ ಮೇಡಂ ಸಹಿ ಹಾಕಿದ ಖಾಲಿ ಹಾಳೆ ಕೊಟ್ಟು, ಸ್ವಲ್ಪ ಮಡಚಿ ಕೊಡ್ರಿ ಅಂದಂಗೆ ಆತಲ್ಲೇ ಇದು."

ಒಳಗಿನ ಕೋಣೆಯಿಂದ ಡಾ. ಶಾಂತಕುಮಾರಿ ಕನ್ನಡಕ ಹಣೆಗೇರಿಸಿಕೊಂಡು ಬಂದರು. ಅವರಿಗೆ ಗುರುವಾರದ ಚಿಂತೆ. ವಿಷಯ ಕೇಳಿ ಅವರಿಗೆ ದೊಡ್ಡದೇನೂ ಅನ್ನಿಸಲಿಲ್ಲ.

"ನಮ್ಮ ಫೈಲು ಯಾರಿಗೆ ಬೇಕಮ್ಮ ಫಿರ್ದೌಸ್? ನಾವೇನು ಬ್ಯಾಂಕಾ?"

"ಬ್ಯಾಂಕಲ್ಲ ಮೇಡಂ. ಆದ್ರೆ ನಿಮ್ಮ ಸಹಿ ನೋಡಿ ಸರ್ಜನ್ ಚಾಕು ಹಿಡೀತಾರೆ. ನಿಮ್ಮ ಸಹಿ ನೋಡಿ ಇನ್ಶೂರೆನ್ಸ್‌ನವರು ಹೂಂ ಅಂತಾರೆ."

"ನನ್ನ ಶುಗರ್ ಇನ್ನೂರ ಎಂಬತ್ತು ಇದ್ದದ್ದು ನೂರಾ ಹತ್ತು ಅಂತ ಯಾರಾದ್ರೂ ನಿಮ್ಮ ಸಹಿ ಹಾಕಿ ಕಳಿಸಿದ್ರೆ, ನಾನು ನಂಬಿ ಜಿಲೇಬಿ ತಿಂತೀನಿ" ಎಂದರು ಖತೀಜಾಬೀ.

"ಸಹಿ ಇಲ್ದೇನೇ ತಿಂತಿದೀರಿ ಅಮ್ಮಿ."

ಡಾಕ್ಟರು ನಕ್ಕರು, ಆದರೆ ಒಪ್ಪಲಿಲ್ಲ. "ಹಂಗಾದ್ರೆ ಬ್ಯಾಡ ಬಿಡು. ಸರ್ಟಿಫಿಕೇಟ್ ಫೈಲನ್ನೂ ವಾಟ್ಸಾಪ್‌ನಾಗೆ ಕೊಟ್ರೇಶನಿಗೆ ಕಳಿಸು ಭುವನಾ, ಅವನೇ ಏನಾದ್ರೂ ಮಾಡ್ಕೊಳ್ಲಿ. ವಾಟ್ಸಾಪ್ ಭದ್ರ ಅಂತಾರಲ್ಲ."

"ದಾರಿ ಭದ್ರ ಮೇಡಂ. ಮುಟ್ಟಿದ ಮೇಲೆ? ಆ ಫೋನು ರಿಪೇರಿಗೆ ಹೋಗ್ತದೆ, ಬ್ಯಾಕಪ್ಪಿಗೆ ಹೋಗ್ತದೆ, ಮಗು ಕೈಗೆ ಆಡಾಕೆ ಹೋಗ್ತದೆ. ಫೈಲು ಎಲ್ಲಾ ಕಡೆ ಜೊತಿಗೇ ಹೋಗ್ತದೆ."

ಭುವನೇಶ್ವರಿ ಫೋನ್ ತೆಗೆದು ಶನಿವಾರದ ಸಂದೇಶ ನೋಡಿದಳು. 'ಸರ್ಟಿಫಿಕೇಟ್ ಫೈಲನ್ನೂ' ಎಂದಿದ್ದರು ಡಾಕ್ಟರು. ಹೌದು, ಮೊದಲಿನದನ್ನು ಅವಳು ಶನಿವಾರವೇ ಕಳಿಸಿಬಿಟ್ಟಿದ್ದಳು. ಕೀ ಫೈಲು ಎರಡು ದಿನದಿಂದ ಕೊಟ್ರೇಶನ ಫೋನಿನಲ್ಲಿತ್ತು.

ಅವಳಿಗೆ ಹಳೆಯ ಹಾಳೆಗಳು ನೆನಪಾದವು. ಡಿಜಿಟಲ್ ಸಹಿ ಬರುವ ಮುಂಚೆ, ಡಾಕ್ಟರು ಪರವೂರಿಗೆ ಹೋಗುವಾಗ ಐವತ್ತು ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿಟ್ಟು ಹೋಗುತ್ತಿದ್ದರು. ಅದು ತಪ್ಪು ಪದ್ಧತಿ ಎಂದು ಅವರಿಗೂ ಗೊತ್ತಿತ್ತು. ರಿಪೋರ್ಟ್ ನಿಲ್ಲಬಾರದಲ್ಲ ಎಂದು ನಡೆದುಕೊಂಡು ಬಂದಿತ್ತು. ಆ ಹಾಳೆಗಳು ಗೋದ್ರೆಜ್ ಬೀರುವಿನಲ್ಲಿ ಇರುತ್ತಿದ್ದವು. ಬೀರುವಿನ ಜವಾಬ್ದಾರಿ ಭುವನೇಶ್ವರಿಯದು. ಪ್ರತಿ ಸಂಜೆ ಅವಳು ಎಣಿಸುತ್ತಿದ್ದಳು. ಒಂದು ಸಂಜೆ ಮೂವತ್ತೊಂದು ಇರಬೇಕಾದಲ್ಲಿ ಮೂವತ್ತು ಇತ್ತು. ಕಸದ ಬುಟ್ಟಿ ಸುರುವಿ ನೋಡಿದ್ದಳು. ಕೊನೆಗೆ ಆ ಹಾಳೆ ಪ್ರಿಂಟರಿನ ತಟ್ಟೆಯ ತಳದಲ್ಲಿ ಬೋರಲು ಬಿದ್ದಿತ್ತು. ಅದು ಸಿಗುವ ತನಕ ಅವಳು ನೀರು ಕುಡಿದಿರಲಿಲ್ಲ.

ಅವಳು ಕೊಟ್ರೇಶನಿಗೆ ಫೋನ್ ಹಚ್ಚಿದಳು. ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ಕೊಟ್ರೇಶ್, ಶನಿವಾರ ಕಳಿಸಿದ್ನಲ್ಲ ಫೈಲು, ಅದನ್ನೇನು ಮಾಡಿದ್ರಿ?"

"ಅವತ್ತೇ ಆ ವೆಬ್‌ಸೈಟಿಗೆ ಹಾಕಿ ನೋಡಿದ್ನಿ ಅಕ್ಕಾ. ಹಾಕ್ಕೊಂತು. ಆಮೇಲೆ ಸರ್ಟಿಫಿಕೇಟೂ ಬೇಕು ಅಂತು. ಅದು ನನ್ನ ಹತ್ರ ಇರಲಿಲ್ಲ, ಅದಕ್ಕೇ ನಿಮಗೆ ಲಿಂಕ್ ಕಳಿಸಿದ್ದು. ಯಾಕಕ್ಕಾ?"

ಹಿಂದೆ ರಕ್ತ ತಿರುಗಿಸುವ ಯಂತ್ರ ಗುಂಯ್ ಎನ್ನುತ್ತಿತ್ತು.

"ಡಿಲೀಟ್ ಮಾಡಿದ್ರಾತಲ್ಲ?" ಎಂದರು ಡಾಕ್ಟರು. ಈ ಸಲ ದನಿ ತಗ್ಗಿತ್ತು.

ಫಿರ್ದೌಸ್ ಉತ್ತರಿಸುವ ಮೊದಲು ಭುವನೇಶ್ವರಿಯೇ ಮಾತಾಡಿದಳು.

"ನಮ್ಮ ಕಡೆದು ಡಿಲೀಟ್ ಆಗ್ತದೆ ಮೇಡಂ, ಅವರ ಕಡೆದು ನಮಗೆ ಕಾಣಲ್ಲ. ಹಾಳೆ ಕಳವಾದ್ರೆ ಎಣಿಸಿದಾಗ ಒಂದು ಕಮ್ಮಿ ಬರ್ತಿತ್ತು. ಇದು ಕಳವಾದ್ರೂ ಇಲ್ಲೇ ಇರ್ತದೆ. ನಾನು ದಿನಾ ಎಣಿಸಿದ್ರೂ ಗೊತ್ತಾಗಲ್ಲ." ಫೋನ್ ಕೆಳಗಿಟ್ಟು ಹೇಳಿದಳು. "ಕಳಿಸಿದ್ದು ನಾನು ಮೇಡಂ. ಅವನದಲ್ಲ ತಪ್ಪು."

ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಸಹಿ ಅವರದು. ನಾಳೆ ಯಾವುದೋ ಊರಿನ ಯಾವುದೋ ರೋಗಿಯ ಕೈಯಲ್ಲಿ, ಅವರು ನೋಡದ ರಕ್ತಕ್ಕೆ ಅವರ ಸಹಿ ಇದ್ದರೆ?

"ಹೇಳಿದ್ಯಲ್ಲ, ಒಳ್ಳೇದಾತು" ಎಂದರು. "ಸಹಿ ಮಾಡಿದ ಖಾಲಿ ಹಾಳೆ ಇಟ್ಟು ಹೋಗೋ ಚಾಳಿ ಕಲಿಸಿದವಳು ನಾನೇ. ಈಗ ಏನು ಮಾಡಬೇಕಮ್ಮ ಫಿರ್ದೌಸ್?"

"ಮೊದಲು ಈ ಕೀ ರದ್ದು ಮಾಡಿಸ್ರಿ. ಸಹಿ ಪ್ರಮಾಣಪತ್ರ ಕೊಟ್ಟೋರಿಗೆ ಈಗಲೇ ಹೇಳ್ರಿ, ಹೊಸದು ಕೇಳ್ರಿ. ಹೊರಗೆ ಹೋದ ಕೀಗೆ ಈಗ ಪಾಸ್‌ವರ್ಡಿನ ಬೀಗ ಹಾಕಿದ್ರೆ ಉಪಯೋಗ ಇಲ್ಲ. ಬೀಗ ಇಲ್ಲದ್ದು ಆಗಲೇ ಹೊರಗೈತೆ."

ಡಾಕ್ಟರು ಅಲ್ಲೇ ಕುಳಿತು ಫೋನ್ ಮಾಡಿದರು, ಅರ್ಜಿ ಕಳಿಸಿದರು. ಹೊಸದು ಬುಧವಾರ ಸಿಗುತ್ತದೆ ಎಂದು ಆ ಕಡೆಯವರು ಹೇಳಿದರು. ಅಲ್ಲಿಯವರೆಗೆ ಪ್ರತಿ ರಿಪೋರ್ಟ್ ಓದಿ ಪೆನ್ನಿನಲ್ಲೇ ಸಹಿ ಮಾಡುವುದು ಎಂದು ತೀರ್ಮಾನವಾಯಿತು.

ಖತೀಜಾಬೀಯವರ ಎರಡನೇ ಸ್ಯಾಂಪಲ್‌ಗೆ ಇನ್ನೂ ಒಂದು ತಾಸು ಇತ್ತು. ಫಿರ್ದೌಸ್ ಕುರ್ಚಿ ಎಳೆದುಕೊಂಡಳು.

"ಈ ಕೀ ಹೆಂಗೂ ರದ್ದಾಗೋದು. ಕಲಿಯಾಕೆ ಆತು, ಬಾ."

ಹಳೆಯ ಕೀ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ಮೊದಲ ಸಾಲಿನಲ್ಲಿ BEGIN PRIVATE KEY ಎಂದಿತ್ತು. "ಇದರಾಗ ENCRYPTED ಅನ್ನೋ ಮಾತು ಎಲ್ಲೂ ಇಲ್ಲ ನೋಡು. ಇಲ್ಲ ಅಂದ್ರೆ ಬೀಗ ಇಲ್ಲ. ಸಿಕ್ಕಿದವರಿಗೆಲ್ಲಾ ತೆರೀತದೆ."

ಆಮೇಲೆ ಅವಳು ಕಂಪ್ಯೂಟರಿನ ಹಿಂದೆ ಕೈ ಹಾಕಿ ಇಂಟರ್ನೆಟ್ ತಂತಿ ಕಿತ್ತಳು.

"ಅಯ್ಯೋ, ಅದಿಲ್ದೆ ಹೆಂಗೆ ನಡೀತದೆ?" ಎಂದರು ಡಾಕ್ಟರು.

"ಅದನ್ನೇ ತೋರಿಸಾಕೆ ಕಿತ್ತಿದ್ದು ಮೇಡಂ. ಈ ಕೆಲಸಕ್ಕೆ ಹೊರಗಿನವರು ಯಾರೂ ಬೇಕಾಗಿಲ್ಲ. ಓಪನ್‌ಎಸ್‌ಎಸ್‌ಎಲ್ ಅನ್ನೋ ಉಪಕರಣ ಐತೆ, ಪುಕ್ಕಟೆ. ಸಹಿ ಸಾಫ್ಟ್‌ವೇರ್ ಹಾಕಿದವರು ನಿಮ್ಮ ಕಂಪ್ಯೂಟರಿನಾಗೇ ಹಾಕಿಟ್ಟು ಹೋಗಿದಾರೆ."

ಕಪ್ಪು ಕಿಟಕಿಯೊಂದು ತೆರೆಯಿತು. ಅದರಲ್ಲಿ ಒತ್ತುವ ಗುಂಡಿಯಿಲ್ಲ, ಚಿತ್ರವಿಲ್ಲ. ಬರೆದು ಹೇಳಿದರೆ ಮಾಡುತ್ತದೆ, ಅಷ್ಟೇ. ಫಿರ್ದೌಸ್ ಹೇಳಿದ ಹಾಗೆ ಭುವನೇಶ್ವರಿ ಬರೆದಳು:

openssl pkcs12 -export -inkey lab.key -in lab.crt -out harihar.pfx

"ಕೀ ಫೈಲು, ಸರ್ಟಿಫಿಕೇಟ್ ಫೈಲು, ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಬೀಗ ಹಾಕು ಅಂತ ಹೇಳಿದ್ವಿ. ಆ ಡಬ್ಬಿನೇ ಹರಿಹರದವರು ಕೇಳಿದ್ದು. ಈಗ ಪಾಸ್‌ವರ್ಡ್ ಕೇಳ್ತದೆ."

"ನನ್ನ ಮಗಳ ಹುಟ್ಟಿದ ದಿನ ಇಡು" ಎಂದರು ಡಾಕ್ಟರು.

"ಹೋದ ತಿಂಗಳು ಕೇಕ್ ಮೇಲೆ ಬರೆಸಿ ಸ್ಟೇಟಸ್ ಹಾಕಿದ್ರಲ್ಲ ಮೇಡಂ. ದಾವಣಗೆರೆ ಅರ್ಧಕ್ಕೆ ಗೊತ್ತೈತೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಇಡ್ರಿ, ಉದ್ದ ಇರಲಿ. ಆ ಆಜ್ಞೆಯ ಸಾಲಿನಾಗೇ ಬರೀಬ್ಯಾಡ್ರಿ, ಅಲ್ಲಿ ಬರೆದದ್ದು ಉಳಕೊಂತದೆ. ಅದು ಕೇಳಿದಾಗ ಮಾತ್ರ ಹೊಡೀರಿ."

ಭುವನೇಶ್ವರಿ ಹೊಡೆದಳು. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. "ಕೀಬೋರ್ಡ್ ಕೆಟ್ಟೈತೆ ಕಣೇ."

"ಕೆಟ್ಟಿಲ್ಲ. ಪಕ್ಕದಾಗ ನಿಂತೋರಿಗೆ ಎಷ್ಟು ಅಕ್ಷರ ಅಂತ ಕೂಡ ಗೊತ್ತಾಗಬಾರ್ದು ಅಂತ ಹಂಗೆ. ಎಂಟರ್ ಹೊಡಿ, ಇನ್ನೊಂದು ಸಲ ಅದನ್ನೇ ಹೊಡಿ."

ಹೊಸ ಫೈಲು ಬಂದಿತ್ತು. ವೆಬ್‌ಸೈಟ್ ಹೇಳಿದ ಒಂದು ನಿಮಿಷವೂ ಆಗಿರಲಿಲ್ಲ.

ಇನ್ನೊಂದು ಸಾಲು ಉಳಿದಿತ್ತು, ದಾವಣಗೆರೆಯಲ್ಲೇ ಇರುವ ಕೀಗೆ ಬೀಗ ಹಾಕುವುದು:

openssl pkcs8 -topk8 -v2 aes-256-cbc -in lab.key -out lab-bega.key

ಇದಕ್ಕೂ ಪಾಸ್‌ವರ್ಡ್ ಕೇಳಿತು. ಹೊಸ ಫೈಲನ್ನು ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ENCRYPTED ಎಂಬ ಮಾತು ಬಂದು ಕುಳಿತಿತ್ತು. "ಬೀಗ ಹಾಕಿದ್ದು ಸರಿಯಾಗಿ ತೆರೀತದೆ ಅಂತ ನೋಡ್ಕೊಂಡ ಮೇಲೆ ಬೀಗ ಇಲ್ಲದ್ದನ್ನ ಅಳಿಸಬೇಕು. ಕಸದ ಬುಟ್ಟಿಯಿಂದಲೂ" ಎಂದಳು ಫಿರ್ದೌಸ್.

"ಅಂದ್ರೆ ದಿನಾ ಬೆಳಿಗ್ಗೆ ಸಾಫ್ಟ್‌ವೇರ್ ಪಾಸ್‌ವರ್ಡ್ ಕೇಳ್ತದಾ? ಅದೊಂದು ರಗಳೆ" ಎಂದರು ಡಾಕ್ಟರು.

"ದಿನಾ ಷಟರ್ ಎತ್ತಲ್ವಾ ಮೇಡಂ?" ಎಂದರು ಖತೀಜಾಬೀ, ತೋಳು ಮಡಚಿಕೊಳ್ಳುತ್ತ. "ಅದಕ್ಕೆ ಬ್ಯಾಸರ ಇಲ್ಲ, ಇದಕ್ಕೆ ಬ್ಯಾಸರಾನಾ? ಬಾ ಬೇಟಿ, ರಕ್ತ ತಗೋ. ಎರಡು ತಾಸಾತು."

ಡಾಕ್ಟರು ನಕ್ಕು, "ಆಗಲಿ, ಕೇಳಲಿ ಬಿಡು" ಎಂದರು.

ಬುಧವಾರ ಹೊಸ ಕೀ ಬಂತು. ಭುವನೇಶ್ವರಿ ಇಂಟರ್ನೆಟ್ ತಂತಿ ಕಿತ್ತು, ಎರಡೂ ಸಾಲುಗಳನ್ನು ತಾನೇ ಬರೆದಳು. ಪ್ರತಿ ಅಕ್ಷರವನ್ನೂ ಟ್ಯೂಬಿನ ಹೆಸರಿನಂತೆ ಬಾಯಿಬಿಟ್ಟು ಓದಿದಳು. ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡಲಾರರು ಎಂದು ಫಿರ್ದೌಸ್ ಎಚ್ಚರಿಸಿದ್ದಳು. ಅದಕ್ಕೆ ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿದ ಜಾಗಕ್ಕೆ ಡಾಕ್ಟರ ಕೈಯಿಂದ ಸಹಿ ಹಾಕಿಸಿದಳು.

ಗುರುವಾರ ಬೆಳಿಗ್ಗೆ ಅವಳೇ ಪೆನ್‌ಡ್ರೈವ್ ಹಿಡಿದು ಹರಿಹರದ ಬಸ್ ಹತ್ತಿದಳು. ಅದರಲ್ಲಿ ಬೀಗ ಹಾಕಿದ ಫೈಲು ಮಾತ್ರ ಇತ್ತು. ಪಾಸ್‌ವರ್ಡ್ ಅವಳ ನೆನಪಿನಲ್ಲಿತ್ತು. ಸೆಂಟರಿನಲ್ಲಿ ಕೊಟ್ರೇಶ್ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದ.

"ಗೊತ್ತಿರಲಿಲ್ಲ ಅಕ್ಕಾ."

"ನನಗೂ ಗೊತ್ತಿರಲಿಲ್ಲ. ಈಗ ಇಬ್ಬರಿಗೂ ಗೊತ್ತಾತು."

ಅವಳು ಪಾಸ್‌ವರ್ಡ್ ಹೊಡೆಯಲು ಕುಳಿತಾಗ ಕೊಟ್ರೇಶ್ ಕೇಳದೆಯೇ ಗೋಡೆಯ ಕಡೆ ತಿರುಗಿ ನಿಂತ. "ಕಣ್ಣೂ ಮುಚ್ಕೊಳ್ಲಾ?" ಎಂದ.

"ಅಷ್ಟು ಬ್ಯಾಡ. ಕ್ಯಾಲೆಂಡರ್ ಓದ್ರಿ."

ಹತ್ತೂವರೆಗೆ ಹರಿಹರದ ಮೊದಲ ರಿಪೋರ್ಟ್ ಹೊಸ ಸಹಿಯೊಂದಿಗೆ ಹೋಯಿತು.

ಭುವನೇಶ್ವರಿ ಈಗಲೂ ಸಂಜೆ ಗೋದ್ರೆಜ್ ಬೀರು ತೆರೆಯುತ್ತಾಳೆ. ಎಣಿಸಲು ಹಾಳೆಗಳಿಲ್ಲ. ಒಂದು ಲಕೋಟೆ ಇದೆ. ಅಂಟಿನ ಮೇಲಿನ ಸಹಿ ಮುರಿದಿಲ್ಲ ಎಂದು ಬೆರಳಾಡಿಸಿ ನೋಡಿ ಬಾಗಿಲು ಹಾಕುತ್ತಾಳೆ. ಆಮೇಲೆ ವಾಪಸು ಬಂದು ಇನ್ನೊಮ್ಮೆ ನೋಡುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಇಂಥದ್ದೊಂದು ಕೀ ಫೈಲು ಇರಬಹುದು. ಇವತ್ತೇ ಅದರ ಮೊದಲ ಸಾಲುಗಳನ್ನು ತೆರೆದು ನೋಡಿ. ENCRYPTED ಎಂಬ ಮಾತು ಇಲ್ಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮದೇ ಕಂಪ್ಯೂಟರಿನಲ್ಲಿ ಬೀಗ ಹಾಕಿ. ನಮೂನೆ ಬದಲಿಸಬೇಕಾದರೂ ಅಲ್ಲೇ ಬದಲಿಸಿ, ಗುರುತಿಲ್ಲದ ವೆಬ್‌ಸೈಟಿಗೆ ಹಾಕಬೇಡಿ. ಫೈಲು ಹೋದ ದಾರಿಯಲ್ಲೇ ಪಾಸ್‌ವರ್ಡ್ ಕಳಿಸಬೇಡಿ. ಈಗಾಗಲೇ ಯಾರಿಗಾದರೂ ಕಳಿಸಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಹೇಳಿ, ರದ್ದು ಮಾಡಿಸಿ, ಹೊಸದು ಪಡೆಯಿರಿ. 'ಕಳಿಸಿದ್ದು ನಾನು' ಎಂದು ಭುವನೇಶ್ವರಿ ಹೇಳಿದ ಆ ಒಂದು ಮಾತಿಗೆ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಡಾಕ್ಟರ ಹೆಸರನ್ನು ಉಳಿಸಿತು.