ದಶಮಿಯ ಒಂದು ಸ್ವರ

ಆಯುಧ ಪೂಜೆಯ ದಿನ ತೆಂಗಿನಕಾಯಿ ಒಡೆಯುವುದರಲ್ಲಿ ಗಿರಿಜಮ್ಮ ಎಂದೂ ಕೈ ಬಿಗಿ ಹಿಡಿದವರಲ್ಲ. ಗಂಡ ಶಂಕರಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ತುಮಕೂರಿನಿಂದ ವಿಜಯವಾಡಕ್ಕೆ ಬಂದು, ಪಟಮಟದಲ್ಲಿ ಮನೆ ಕಟ್ಟಿಸಿ, ಅಲ್ಲೇ ಕಣ್ಣು ಮುಚ್ಚಿದ್ದರು. ಅಷ್ಟು ವರ್ಷವಾದರೂ ಆಕೆಯ ಪೂಜೆ ಮಾತ್ರ ತುಮಕೂರು ಬಿಟ್ಟು ಕದಲಿರಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಕೂಟರ್, ಎಲ್ಲಕ್ಕೂ ಕುಂಕುಮ ಬೀಳಲೇಬೇಕು. ಈ ಸಲ ನಡುಮನೆಯಲ್ಲಿ ಸರಸ್ವತಿಯ ಪಟದ ಮುಂದೆ, ಮಣೆಯ ಮೇಲೆ ಕೂತದ್ದು ಮಗ ಉದಯ್‌ನ ಕೀಬೋರ್ಡ್.

ಉದಯ್ ಹೂವಿನ ಪೊಟ್ಟಣ ಹಿಡಿದು ಒಳಗೆ ಬರುವಷ್ಟರಲ್ಲಿ ಕಾಯಿ ಒಡೆದಾಗಿತ್ತು. ಆಕೆಯ ಕೈ ತಪ್ಪಿ, ಪಾತ್ರೆಗೆ ಬೀಳಬೇಕಾದ ನೀರೆಲ್ಲ ಕೀಲಿಗಳ ಮೇಲೆ ಸುರಿದಿತ್ತು. ಬಿಳಿ ಕೀಲಿಗಳ ಸಂದಿಯಲ್ಲಿ ಅದು ಸದ್ದಿಲ್ಲದೆ ಇಳಿದು ಹೋಗುತ್ತಿತ್ತು. ಕಾಯಿ ಕೊಳೆತಿರಲಿಲ್ಲ, ಒಳ್ಳೆ ಶಕುನ ಎಂದು ಗಿರಿಜಮ್ಮ ಸಮಾಧಾನದಲ್ಲಿದ್ದರು.

"ಅಯ್ಯೋ ಅಮ್ಮಾ! ಬೋರಲು ಹಾಕ್ಬೇಕು, ಈಗ್ಲೇ ಬಿಚ್ಚಬೇಕು" ಎಂದು ಉದಯ್ ಮುನ್ನುಗ್ಗಿದ.

"ಕೈ ಇಟ್ಟೀಯ, ಜೋಕೆ! ಪೂಜೆಗೆ ಕೂರಿಸಿ ಆಗಿದೆ. ನಾಳೆ ಮರುಪೂಜೆ ಆಗೋವರ್ಗೂ ಕದಲಿಸಬಾರದು."

"ಅದಿ ಕಾದಮ್ಮಾ, ಹಾಗಲ್ಲ, ಕಾಯಿ ನೀರಲ್ಲಿ ಉಪ್ಪಿರುತ್ತೆ, ಸಕ್ಕರೆ ಇರುತ್ತೆ. ಒಳಗಿನ ಬೋರ್ಡು ತಿಂದುಹಾಕುತ್ತೆ."

"ದೇವರಿಗೆ ಒಡೆದ ಕಾಯಿ ನೀರು ತೀರ್ಥ ಕಣೋ. ತೀರ್ಥ ಯಾರನ್ನಾದ್ರೂ ತಿಂದಿದ್ದುಂಟಾ?" ಎಂದ ಗಿರಿಜಮ್ಮನ ದನಿ ಥಟ್ಟನೆ ಇಳಿಯಿತು. "ಅಲ್ಲಿ ಒಬ್ಬಳು ಗಂಟಲು ಕುಯ್ಯಿಸ್ಕೊಂಡು ಮಲಗಿದಾಳೆ. ಇಂಥ ಹೊತ್ತಲ್ಲಿ ಆ ತಾಯೀನ ಕೆಣಕಬೇಡ ಕಣಪ್ಪಾ. ನಿನ್ನ ಕಾಲಿಗೆ ಬೀಳ್ತೀನಿ."

ಹೆತ್ತವಳು ಕಾಲಿಗೆ ಬೀಳುತ್ತೇನೆ ಎಂದ ಮೇಲೆ ಮಗ ಏನು ತಾನೇ ಮಾಡಿಯಾನು? ಮಾಡಬೇಕಿತ್ತು, ಅದು ಬೇರೆ ಮಾತು. ಉದಯ್ ಕೈ ಹಿಂದಕ್ಕೆ ತೆಗೆದ.

ಗಂಟಲು ಕುಯ್ಯಿಸಿಕೊಂಡವಳು ಅವನ ಅಕ್ಕ ಜಾಹ್ನವಿ. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ, ಗಂಡ ತಿರುಮಲೇಶನ ಮನೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವಳು. ಗಂಟಲಿಗೆ ಬಂದದ್ದು ಕ್ಯಾನ್ಸರ್ ಎಂದೂ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದೂ ಡಾಕ್ಟರು ಹೇಳಿದ ವಾರವೇ ಪಟಮಟಕ್ಕೆ ಬಂದು, ತಮ್ಮನ ಕೋಣೆಯ ಬಾಗಿಲು ಹಾಕಿ, ಒಂದು ಇಡೀ ಮಧ್ಯಾಹ್ನ ಒಂದೊಂದೇ ಸ್ವರ ಹಾಡಿದ್ದಳು. ಮಂದ್ರದಿಂದ ತಾರದವರೆಗೆ ಒಂದೊಂದನ್ನೂ ಉದಯ್ ರೆಕಾರ್ಡ್ ಮಾಡಿ ಒಂದೊಂದು ಕೀಲಿಗೆ ತುಂಬಿಸಿದ್ದ. ಅವಳ ಹಾಡುಗಳ ರೆಕಾರ್ಡಿಂಗು ಬೇಕಾದಷ್ಟಿತ್ತು. ಆದರೆ ಹಾಡಿ ಮುಗಿಸಿದ ಹಾಡು ಬೇರೆ, ಇನ್ನು ಹಾಡಬೇಕಾದ ಹಾಡು ಬೇರೆ. ಈ ಕೀಬೋರ್ಡ್ ಇದ್ದರೆ ಮುಂದೆಯೂ ಅವಳು ಬೆರಳಿನಿಂದ ತನ್ನ ದನಿಯಲ್ಲೇ ಹಾಡಬಹುದಿತ್ತು. "ದಶಮಿ ದಿನ ತಂದುಕೊಡು. ಅಲ್ಲೀವರೆಗೂ ಮೂಗಿ ಆಗಿರ್ತೀನಿ" ಎಂದು ನಕ್ಕಿದ್ದಳು. ಆಪರೇಷನ್ ಆಗಿ, ಅವಳು ಆಸ್ಪತ್ರೆಯಿಂದ ಮನೆಗೂ ಬಂದಾಗಿತ್ತು. ಜೊತೆಗಿದ್ದ ಗಿರಿಜಮ್ಮ ಹಬ್ಬಕ್ಕೆಂದು ವಾಪಸಾಗಿದ್ದರು.

ಅದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಟ್ಟುಕೊಳ್ಳಬೇಡವೇ ಮಹರಾಯ? ಮಾಡಿರಲಿಲ್ಲ. ಹಳೆಯ ಕಾಲದ ಕೀಬೋರ್ಡ್, ಅದರ ನಕಲು ತೆಗೆಯುವುದು ಸ್ವಲ್ಪ ತಾಪತ್ರಯ. ನಾಳೆ ಮಾಡಿದರಾಯಿತು ಎಂದು ಹಬ್ಬದವರೆಗೆ ತಳ್ಳಿದ್ದ. ನಾಳೆ ಎಂದವನ ಮನೆ ಹಾಳು ಎಂದು ಸುಮ್ಮನೆ ಹೇಳಿಲ್ಲ.

ದಶಮಿಯ ಬೆಳಗ್ಗೆ ಎದ್ದು ನೋಡಿದರೆ ಮಣೆಯ ಸುತ್ತ ಇರುವೆ ಸಾಲು. ಗೋಡೆಯಿಂದ ಇಳಿದು, ಅಕ್ಷತೆಯನ್ನು ದಾಟಿ, ಕೀಲಿಗಳ ಸಂದಿಯೊಳಗೆ ಹೋಗುತ್ತಿದ್ದವು. ಹೋದವು ಮಾತ್ರ ಹೊರಗೆ ಬರುತ್ತಿರಲಿಲ್ಲ. ಉದಯ್‌ಗೆ ಅಕ್ಕನ ಗಂಟಲಿಗೇ ಇರುವೆ ಮುತ್ತಿದೆ ಅನ್ನಿಸಿತು.

ಮರುಪೂಜೆ ಮುಗಿಯುವುದನ್ನೇ ಕಾದು, ಗವರ್ನರ್‌ಪೇಟೆಗೆ ಓಡಿ, ಹಬ್ಬಕ್ಕೆ ಅರ್ಧ ಬಾಗಿಲು ತೆರೆದಿದ್ದ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಬೋರ್ಡು ತೊಳೆಯುವ ಸ್ಪಿರಿಟ್ ತಂದ. ಕೀಬೋರ್ಡನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದ. ತಾಮ್ರದ ಗೆರೆಗಳ ಮೇಲೆ ಬೆಳ್ಳನೆಯ ಪೊರೆ, ಅದಕ್ಕೆ ಅಂಟಿಕೊಂಡು ಸತ್ತ ಇರುವೆಗಳು. ಮೆತ್ತನೆಯ ಬ್ರಷ್‌ನಿಂದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದೊಂದೇ ಗೆರೆ ಉಜ್ಜಿದ. ಅಕ್ಕನ ಸ್ವರಗಳಿದ್ದ ಮೆಮೊರಿ ಚಿಪ್‌ನ ಕೆಳಗೆ ಇನ್ನೂ ತೇವವಿತ್ತು. ಅಲ್ಲಿಗೆ ಬ್ರಷ್ ಹೋಗುತ್ತಿರಲಿಲ್ಲ. ಸ್ಪಿರಿಟ್ ಬಿಟ್ಟು, ಗಾಳಿಗೆ ಒಣಗಿಸುವುದೊಂದೇ ದಾರಿ. ತೇವ ಇರುವಾಗ ಕರೆಂಟ್ ಹರಿದರೆ ಮುಗಿಯಿತು, ಹರಿಯದಿದ್ದರೆ ಉಳಿಯಿತು.

"ಬಿಚ್ಚಿದ ಸಾಮಾನು ಹಬ್ಬದ ದಿನ ಹೀಗೆ ಹರಡಿಕೊಂಡಿರಬಾರದು ಕಣೋ" ಎಂದು ತಾಯಿ ಗೊಣಗಿದರು. ಹಲ್ಲಿ, ಧೂಳು ಬೀಳದಿರಲಿ ಎಂದು ಉದಯ್ ಎಲ್ಲವನ್ನೂ ಜೋಡಿಸಿ, ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಫ್ಯಾನಿನ ಕೆಳಗೆ ಇಟ್ಟ.

"ಮೂರು ದಿನ ಇದಕ್ಕೆ ಕರೆಂಟ್ ಕೊಡೋ ಹಾಗಿಲ್ಲ. ಅರ್ಥ ಆಯ್ತಾ ಅಮ್ಮಾ?"

"ಆಯ್ತು ಮಾರಾಯಾ. ನಾನೇನು ನುಡಿಸೋಕೆ ಕೂರ್ತೀನಾ?"

ಅಲುಗಾಡಿಸಬಾರದ ವಸ್ತುವನ್ನು ರೈಲಿನಲ್ಲಿ ಹೊತ್ತು ಹೋಗುವಂತಿರಲಿಲ್ಲ. ಫೋನಿನಲ್ಲಿ ಹೇಳಿಬಿಡುವ ಸುದ್ದಿಯೂ ಅದಲ್ಲ. ಬರಿಗೈಯಲ್ಲೇ ಉದಯ್ ವಿಶಾಖಪಟ್ಟಣದ ರೈಲು ಹತ್ತಿದ. ದಾರಿಯುದ್ದಕ್ಕೂ ಹೊರಗೆ ಟ್ರ್ಯಾಕ್ಟರುಗಳ ಮೇಲೆ ದುರ್ಗೆಯ ಮೂರ್ತಿಗಳು ಮುಳುಗಲು ಹೊರಟಿದ್ದವು.

ಪೆಂಡುರ್ತಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಜಾಹ್ನವಿ ಬಾಗಿಲಲ್ಲೇ ನಿಂತಿದ್ದಳು. ಮೊದಲು ನೋಡಿದ್ದು ತಮ್ಮನ ಮುಖವನ್ನಲ್ಲ, ಕೈಯನ್ನು. ಉದಯ್ ಎಲ್ಲ ಹೇಳಿದ. ನೀರು ಬಿದ್ದದ್ದು, ಒಂದು ರಾತ್ರಿ ಕಾದದ್ದು, ತೊಳೆದದ್ದು, ಒಣಗಬೇಕಾದ್ದು. "ಕರೆಂಟ್ ತಾಗದಿದ್ರೆ ಉಳಿಯುತ್ತೆ ಅಕ್ಕಾ. ಮೂರೇ ದಿನ" ಎಂದ. ಅವಳು ತನ್ನ ಫೋನಿನಲ್ಲಿ ಬರೆದು ತೋರಿಸಿದಳು: "ಕಾಯ್ತೀನಿ. ನೀನು ಮೊದಲು ಕಾಫಿ ಕುಡಿ."

ತಿರುಮಲೇಶ್ ಔಷಧಿ ತರಲು ಹೋಗಿದ್ದ. ಉದಯ್ ತನ್ನ ಫೋನನ್ನು ಅಕ್ಕನ ಮಂಚದ ಪಕ್ಕದಲ್ಲೇ ಚಾರ್ಜಿಗೆ ಹಾಕಿ, ಅಡುಗೆಮನೆಗೆ ಹೋಗಿ ಹಾಲಿಟ್ಟ. ಕ್ಷಮಿಸಿದಳಲ್ಲ ಎಂದು ಎದೆ ಹಗುರವಾಗಿತ್ತು.

ಅಕ್ಕನ ಕೋಣೆಯಲ್ಲಿ ಫೋನ್ ರಿಂಗಾಯಿತು. ನಿಂತಿತು. ಅಮ್ಮನ ದನಿ ಅಸ್ಪಷ್ಟವಾಗಿ ಕೇಳಿಸಿತು, ಹಬ್ಬದ ಸಡಗರದ ದನಿ. ವಿಡಿಯೋ ಕಾಲ್ ಮಾಡಿದ್ದಾರೆ, ಮಗಳನ್ನು ನೋಡಲಿ ಪಾಪ ಅಂದುಕೊಂಡ. ಆಮೇಲೆ ಜಾಹ್ನವಿ ಚಪ್ಪಾಳೆ ತಟ್ಟುವುದು ಕೇಳಿಸಿತು. ಒಂದು, ಎರಡು, ಆಮೇಲೆ ಬಡಬಡನೆ. ಏನೋ ಬೇಕಾಗಿರಬೇಕು. ಹಾಲು ಉಕ್ಕುವುದರಲ್ಲಿತ್ತು.

"ಬಂದೆ ಅಕ್ಕಾ, ಒಂದು ನಿಮಿಷ!"

ಮಂಚಕ್ಕೆ ದಡದಡ ಗುದ್ದುವ ಸದ್ದು. ಏನೋ ಕೆಳಗೆ ಬಿದ್ದು ಒಡೆಯಿತು. ಉದಯ್ ಒಲೆ ಆರಿಸಿದ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಕ್ಕ ಹಾಡಿದಳು.

"ಸಾ..."

ಅವಳದೇ ದನಿ. ತುಂಬಿದ, ದುಂಡಗಿನ, ಚಿಕ್ಕಂದಿನಿಂದ ಅವನು ಕೇಳುತ್ತ ಮಲಗಿದ ದನಿ. ಒಂದು ಉಸಿರಿನ ಹೊತ್ತು ಅವನಿಗೆ ಸಂತೋಷವೇ ಆಯಿತು. ಮರುಕ್ಷಣ ಆ ದನಿ ಎಲ್ಲಿಂದ ಬಂದಿರಬಹುದೆಂದು ಹೊಳೆದು, ಓಡಿದ.

ಸ್ವರ ನಿಲ್ಲುತ್ತಿರಲಿಲ್ಲ. ಎಳೆದುಕೊಂಡು ಹೋಗಿ, ಒರಟಾಗಿ, ಗಂಡಸಿನ ದನಿಯಾಗಿ, ಯಾರದೂ ಅಲ್ಲದ ದನಿಯಾಗಿ, ಟಪ್ ಎಂದು ಕಡಿಯಿತು. ಫೋನಿನ ಪರದೆಯಲ್ಲಿ ಕೀಬೋರ್ಡಿನ ಸಂದಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಜಾಹ್ನವಿ ಬಾಯಿ ಪೂರ್ತಿ ತೆರೆದು, ಕತ್ತಿನ ನರ ಬಿಗಿದು, ಅಮ್ಮಾ ಎಂದು ಕೂಗುತ್ತಿದ್ದಳು. ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬರುತ್ತಿತ್ತು. ಅವಳ ಎರಡೂ ಅಂಗೈ ಕೆಂಪಾಗಿದ್ದವು.

"ಇದೇನೋ ಉದಯಾ, ನಿಂತೇಹೋಯ್ತು?" ಗಿರಿಜಮ್ಮ ಪರದೆಯ ಹತ್ತಿರ ಮುಖ ತಂದರು. "ದಶಮಿ ದಿನ ಆಯುಧ ಒಂದ್ಸಲ ಮುಟ್ಟಿ ಕೆಲಸ ಮಾಡಿಸ್ಬೇಕು ಕಣೋ, ಶಾಸ್ತ್ರಕ್ಕೆ ಒಂದೇ ಸ್ವರ. ನೀನು ಬೇಡ ಅಂದಿದ್ದೆ ಅಂತ ಸ್ವಿಚ್ಚಿನ ಮೇಲೆ ಕೈ ಇಟ್ಟು ನಾನೂ ಯೋಚಿಸ್ತಾನೇ ಕೂತಿದ್ದೆ. ಇವಳು ಅಷ್ಟು ಖುಷಿಯಾಗಿ ಚಪ್ಪಾಳೆ ತಟ್ಟಿದಳಲ್ಲ, ಅದಕ್ಕೇ ಒತ್ತಿದೆ."