ಬೀಗರೂಟದ ಮೈಲು

“ಒಬ್ರನ್ನ ಬುಟ್ರೂ ಮಾನ ಓಯ್ತದೆ ಕಣವ್ವ. ಎಲ್ರಿಗೂ ಇನ್ನೊಂದ್ ಸಲ ಕಳ್ಸು.”

ಚಲುವರಾಜು ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವ ಮಂಜುಶ್ರೀಯ ಕುರ್ಚಿಯ ಬೆನ್ನಿಗೇ ನಿಂತಿದ್ದರು. ಮದ್ದೂರಿನ ಈ ನರ್ಸಿಂಗ್ ಕಾಲೇಜಿನ ಕಾರ್ಯದರ್ಶಿ, ಅವಳ ಸೋದರಮಾವ, ಕೆಲಸ ಕೊಡಿಸಿದ ಪುಣ್ಯಾತ್ಮ. ಅವಳು ರಜೆಯಲ್ಲಿದ್ದಾಗ ತಮ್ಮ ಮಗಳ ಬೀಗರೂಟದ ಕರೆಯೋಲೆಯನ್ನು ಕಾಲೇಜಿನ ಮೈಲ್ ಸರ್ವರಿನಿಂದಲೇ, ಎಲ್ಲಿಂದಲೋ ತರಿಸಿದ ಸಾವಿರಾರು ವಿಳಾಸಗಳಿಗೆ ಕಳಿಸಿಬಿಟ್ಟಿದ್ದರು. ಬಾಡೂಟಕ್ಕೆ ಕರೆಯುವುದರಲ್ಲಿ ಈ ಸೀಮೆಯವರದು ಧಾರಾಳ ಕೈ; ಅದು ಮೈಲು ಕಾಯುವ ಯಂತ್ರಗಳಿಗೆ ಗೊತ್ತಾಗಬೇಕಲ್ಲ! ಕಾಲೇಜಿನ ಹೆಸರು ಕಸದ ಮೈಲು ಕಳಿಸುವವರ ಕಪ್ಪುಪಟ್ಟಿಗೆ ಬಿತ್ತು. ಅರ್ಧಕ್ಕರ್ಧ ಕರೆಯೋಲೆ ವಾಪಸ್ಸು ಬಂದವು, ಕಾಲೇಜಿನ ಬೇರೆ ಮೈಲುಗಳೂ ಅದೇ ದಾರಿ ಹಿಡಿದವು.

ಮಂಜುಶ್ರೀ ಒದ್ದಾಡಿ ಡೊಮೈನಿನ ದಾಖಲೆಗಳನ್ನು ತಿದ್ದಿದ್ದಳು: ನಮ್ಮ ಹೆಸರಿನಲ್ಲಿ ಮೈಲು ಕಳಿಸುವ ಯಂತ್ರ ಇದೊಂದೇ, ಸಹಿ ನಮ್ಮದೇ ಎಂದು. ಇನ್ನು ಇಂಥ ರಾಶಿ ಮೈಲು ಹೋಗದು ಎಂದು ಮಾತು ಕೊಟ್ಟ ಮೇಲೆ ಪಟ್ಟಿಯವರು ಈಗಷ್ಟೇ ಹೆಸರು ತೆಗೆದಿದ್ದರು. ಮತ್ತೆ ಬಿದ್ದರೆ ಬೇಗ ಬಿಡುವವರಲ್ಲ.

ಇವತ್ತೇ ದೀಪಿಕಳ ಪ್ರಮಾಣಪತ್ರ ಹೋಗಬೇಕು. ಪೂರಿಗಾಲಿಯ ಹುಡುಗಿ, ಇಲ್ಲೇ ಓದಿ ಮುಗಿಸಿದವಳು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಸಂಜೆ ಐದರೊಳಗೆ ಕಾಲೇಜಿನ ಮೈಲ್ ವಿಳಾಸದಿಂದಲೇ ಬರಬೇಕು, ಇಲ್ಲವಾದರೆ ಮುಂದಿನವಳನ್ನು ಕರೆಯುತ್ತೇವೆ ಎಂದಿದ್ದಾರೆ. ಪ್ರಿನ್ಸಿಪಾಲರ ಸಹಿಗೆಂದು ದೀಪಿಕ ಹನಕೆರೆಗೆ, ಅವರ ಮನೆಗೆ ಓಡಿದ್ದಳು.

“ಆ ಹುಡ್ಗೀದ್ ಒಂದು ಹೋಗ್ಲಿ ಮಾವ, ಆಮೇಲೆ ಕಳಿಸ್ತೀನಿ. ನಿಮ್ದು ಮೊದ್ಲು ಹೋದ್ರೆ ಮತ್ತೆ ಬಾಗ್ಲು ಹಾಕ್ಬುಡ್ತಾರೆ.”

“ಊಟ ನಾಳೆ ಕಣವ್ವ! ಮರಿ ಕುಯ್ಯೋರು ಬಂದವ್ರೆ, ನೀನು ಕತೆ ಏಳ್ತಾ ಕುಂತಿದೀಯ. ಬೀಗರ ಮುಂದೆ ನನ್ ಮೂಗು ಕುಯ್ಸ್ತೀಯಾ? ನಿನ್ ಗಂಡ ಸ್ವಾಮೀನೂ ನಮ್ ಗಾಡೀನೇ ಓಡುಸ್ತಾವ್ನೆ, ನೆಪ್ಪೈತಾ?”

ಹೆಂಗಪ್ಪಾ ಇಲ್ಲ ಅನ್ನುವುದು? ಹಂಗಿನ ಅನ್ನ ಗಂಟಲಿಗೇ ಅಡ್ಡ ಬರುತ್ತದೆ. ಮಾವನ ಮೇಲೂ ತನ್ನ ಮೇಲೂ ಅವಳಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಕಿಟಕಿಯತ್ತ ನೋಡಿದಳು, ಗೇಟಿನ ಬಳಿ ಯಾರೂ ಇಲ್ಲ. ಒತ್ತಿದಳು.

ಮೊದಮೊದಲು ಸರಾಗವಾಗಿ ಹೋದವು. ಆಮೇಲೆ ಒಂದು ವಾಪಸ್ಸು, ಇನ್ನೊಂದು ವಾಪಸ್ಸು. ನೋಡನೋಡುತ್ತಲೇ ತೆರೆ ತುಂಬ ಅವೇ. ಹೆಸರು ಮತ್ತೆ ಪಟ್ಟಿಗೆ ಬಿದ್ದಿತ್ತು.

“ಮೇಡಂ, ಸೈನ್ ಆಯ್ತು!” ದೀಪಿಕ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. “ಇನ್ನೂ ನಾಕೂವರೆ. ಸದ್ಯ, ಟೈಮೈತೆ.”

ಚಲುವರಾಜು ಕಳಿಸಿದ್ದಾಯಿತೆಂಬ ಸಮಾಧಾನದ ಮುಖದಲ್ಲಿ ಹುಡುಗಿಯ ಕಡೆ ತಿರುಗಿದರು.

“ನೀನೂ ಬಾರವ್ವ ನಾಳೆ ಬೀಗರೂಟಕ್ಕೆ. ಮನೆಯೋರ್ನೆಲ್ಲ ಕರ್ಕಂಬಾ.”

“ಬತ್ತೀನಿ ಸಾರ್,” ಎಂದು ದೀಪಿಕ ನಕ್ಕಳು. ಮುದುರದ ಹಾಗೆ ಎದೆಗೆ ಅವುಚಿಕೊಂಡಿದ್ದ ಕಾಗದವನ್ನು ಮಂಜುಶ್ರೀಯತ್ತ ಚಾಚಿದಳು.