ಒಂದೇ ಎಳೆತಕ್ಕೆ ಹರಿಯುವ ತೋಳು

ಯಾರಾದರೂ ಎಳೆಯುವ ತನಕ ಗಟ್ಟಿಯಾಗಿ ಕಾಣಬೇಕು, ಎಳೆದ ತಕ್ಷಣ ತೋಳು ಪೂರ್ತಿ ಕೈಗೆ ಬರಬೇಕು. ಕೇಳಲು ಸುಲಭ, ಹೊಲಿಯಲು ಕೂತವರಿಗೇ ಗೊತ್ತು ಅದರ ಪಾಡು. ನೃತ್ಯ ತಂಡಗಳಿಗೆ ಬಟ್ಟೆ ಹೊಲಿದುಕೊಡುವ ಆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಮೂರು ಸಲ ಹೆಣಗಾಡಿ, ಮೂರು ಸಲವೂ ಸೋತು, ಕೊನೆಗೆ ನೀಲಿ ಅಂಗಿಯನ್ನು ಅಲ್ಲಿ ಹೊಲಿಗೆ ಕೆಲಸಕ್ಕಿದ್ದ ಅವಳ ಮೇಜಿನ ಮೇಲೆ ಎಸೆದು ಹೋಗಿದ್ದರು. ಅವಳು ಎಡಭುಜದ ಸುತ್ತ ಕಚ್ಚಾ ಹೊಲಿಗೆ ಹಾಕಿದಳು. ಒಂಟಿ ದಾರ, ಉದ್ದುದ್ದ ಹೊಲಿಗೆ, ಕೊನೆಯಲ್ಲಿ ಗಂಟಿಲ್ಲ. ಎಳೆದರೆ ಪರ್ರನೆ ಬಂತು. "ಪರವಾಗಿಲ್ಲ," ಅಂದರು ಮಾಸ್ಟರ್. ಅವರ ಬಾಯಿಂದ ಅಷ್ಟು ಬರಬೇಕಾದರೆ ಏಳು ಕೆರೆ ನೀರು ಕುಡಿದಿರಬೇಕು.

ಹಾಗಾಗಿ ತಂಡದವರು ಶನಿವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಮೂರು ಪಾಸು ಕಳಿಸಿದಾಗ ಅವಳಿಗೆ ಹಿಗ್ಗೋ ಹಿಗ್ಗು. ಹನ್ನೊಂದರ ಮಗಳು, ಆರರ ಮಗ, ಇಬ್ಬರಿಗೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಸಿ ಹೊರಟಳು. ಮಗನನ್ನು ಎಲ್ಲರೂ ಗುಂಡ ಅನ್ನುತ್ತಿದ್ದರು. ಗುಂಡಗಿರುವುದು ಹೆಸರಲ್ಲಿ ಮಾತ್ರ, ಆಳು ಕಡ್ಡಿ.

"ನೀಲಿ ಅಂಗಿಯವಳು ಬಂದಾಗ ರೆಪ್ಪೆ ಮಿಟುಕಿಸಬೇಡ್ರೋ," ಎಂದು ದಾರಿಯುದ್ದಕ್ಕೂ ಹೇಳಿದಳು. "ತೋಳು ಒಂದೇ ಸಲಕ್ಕೆ ಕಿತ್ತು ಬರುತ್ತೆ. ಅದು ನಿಮ್ಮಮ್ಮನ ಕೈಚಳಕ."

ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿದ್ದವನು ಮಕ್ಕಳನ್ನು ನೋಡಿ ರಾಗ ಎಳೆದ. "ಇದು ಚಿಕ್ಕ ಮಕ್ಕಳಿಗಲ್ಲ ಅಮ್ಮಾ. ದೊಡ್ಡವರ ವಿಷಯ ಇದೆ."

"ಏನಪ್ಪಾ ನೀನು, ಇದಕ್ಕೆ ಬಟ್ಟೆ ಹೊಲಿದಿದ್ದೇ ನಾನು. ಮಕ್ಕಳ ರಾತ್ರಿ ಬಟ್ಟೆಯೇ ಎರಡು ಜೊತೆ ಇದೆ ಇದರಲ್ಲಿ," ಎಂದು ಅವಳು ಪಾಸು ಮುಂದೆ ಹಿಡಿದಳು. ಅವನು ಭುಜ ಕುಣಿಸಿ ದಾರಿ ಬಿಟ್ಟ.

ಇದು ಹೊಲಿಗೆಯವರು ಮಾತ್ರ ಮಾಡುವ ತಪ್ಪು. ಅವರು ಆಟ ನೋಡುವುದಿಲ್ಲ, ಬಟ್ಟೆಗಳ ಪಟ್ಟಿ ನೋಡುತ್ತಾರೆ. ಹಳದಿ ಲಂಗ. ಮಕ್ಕಳ ರಾತ್ರಿ ಬಟ್ಟೆ, ದೊಡ್ಡವರ ಅಳತೆಯಲ್ಲಿ, ಎರಡು. ನೀಲಿ ಅಂಗಿ, ಎಡತೋಳು ಹರಿಯಬೇಕು. ಬಿಳಿ ನಿಲುವಂಗಿ, ಒಳಗೆ ಕೆಂಪು ಲೈನಿಂಗ್. ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಅದರ ಮೇಲೆ ತನ್ನದೇ ಒಂದು ಕಥೆ ಕಟ್ಟಿಕೊಂಡಿದ್ದಳು: ತಾಯಿ, ಎರಡು ತುಂಟ ಮಕ್ಕಳು, ಎಳೆದಾಟದಲ್ಲಿ ತೋಳು ಕಿತ್ತು ಹೋಗುತ್ತದೆ, ಜನ ನಗುತ್ತಾರೆ.

ಕೂರಲು ಸಿಕ್ಕಿದ್ದು ಮೂರನೇ ಸಾಲಿನ ನಟ್ಟ ನಡುವೆ. ದೀಪ ಆರಿತು. ಹಳದಿ ಲಂಗದವಳು ಕುಣಿಯುತ್ತ ಬಂದಳು, ಒಬ್ಬ ಗಂಡಸು ಅವಳ ಕೈಹಿಡಿದು ತಿರುಗಿಸಿದ. ಚೆನ್ನಾಗಿತ್ತು. ಅಂಚು ಸರಿಯಾಗಿ ಬಿದ್ದಿದೆಯಲ್ಲ ಎಂದು ಅವಳು ಸಮಾಧಾನಪಟ್ಟಳು. ಆಮೇಲೆ ರಾತ್ರಿ ಬಟ್ಟೆ ತೊಟ್ಟ ಇಬ್ಬರು ನರ್ತಕರು ಬಂದು ಮಕ್ಕಳಾಗಿ ನಿಂತರು. ಗಂಡಸು ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತ. ಅವನು ಏನೂ ಮಾಡಲಿಲ್ಲ, ಸುಮ್ಮನೆ ಶೂ ಬಿಚ್ಚಿದ. ಒಂದು ಶೂ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮಕ್ಕಳಾದ ಇಬ್ಬರೂ ಮೆಲ್ಲಗೆ ಮೇಜಿನ ಕೆಳಗೆ ಸರಿದುಕೊಂಡರು.

ಇದು ಎಳೆದಾಟದ ಕಥೆಯಲ್ಲ. ಇದು ಯಾವ ಕಥೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಇಬ್ಬರನ್ನೂ ಕರೆದುಕೊಂಡು, ಆ ಮನೆ ಬಿಟ್ಟು ಈ ಊರಿಗೆ ಬಂದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಮಕ್ಕಳಿಗೆ ಹೇಳಿದ್ದಳು. ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ, ಮುಗಿಸಿಕೊಂಡು ಬರುತ್ತಾರೆ ಎಂದಿದ್ದಳು. ಗಂಡನ ಕೈ ಏಳುತ್ತಿದ್ದಾಗೆಲ್ಲ ಮಕ್ಕಳು ಮಲಗಿರುತ್ತಿದ್ದವು, ಅವಕ್ಕೇನೂ ಗೊತ್ತಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡೇ ಅವಳು ಇಷ್ಟು ದಿನ ತಳ್ಳಿದ್ದು. ಈಗ ತಾನೇ ಕೈಯಾರೆ ಪಾಸು ತೋರಿಸಿ, ತಡೆದವನ ಬಾಯಿ ಮುಚ್ಚಿಸಿ, ಮೂರನೇ ಸಾಲಿಗೆ ತಂದು ಕೂರಿಸಿದ್ದಳು. ಥೂ ನನ್ನ ಬುದ್ಧಿಗಿಷ್ಟು ಎಂದುಕೊಂಡಳು.

ಎರಡೂ ಕಡೆ ಮೊಣಕಾಲುಗಳ ಸಾಲು. ಹೊರಗೆ ಹೋಗಬೇಕಾದರೆ ಹತ್ತು ಹನ್ನೆರಡು ಜನರನ್ನು ಎಬ್ಬಿಸಬೇಕು. ಎಬ್ಬಿಸಿದರೆ ಎಬ್ಬಿಸಿದ್ದು, ಏನೀಗ? ಪಟ್ಟಿಯಲ್ಲಿ ಮುಂದಿನದು ನೀಲಿ ಅಂಗಿ ಎಂದು ಅವಳಿಗೆ ಗೊತ್ತಿತ್ತು. ಇಡೀ ಸಭೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಬಿಳಿ ನಿಲುವಂಗಿಯ ಒಳಗೆ ಕೆಂಪು ಬಟ್ಟೆ ಯಾಕೆ ಬೇಕಿತ್ತೆಂದೂ ಈಗ ಹೊಳೆಯಿತು.

"ಏಳ್ರೋ, ಹೋಗೋಣ," ಎಂದು ಪಿಸುಗುಟ್ಟಿದಳು.

ಮಗಳು ಕದಲಲಿಲ್ಲ. ಕಣ್ಣು ವೇದಿಕೆಯ ಮೇಲೆಯೇ ಇತ್ತು. "ಈಗ ಏಳಬಾರ್ದಮ್ಮ," ಎಂದಳು ತುಟಿ ಅಲ್ಲಾಡಿಸದೆ. "ಶೂ ಬಿಚ್ಚಿದ ಮೇಲೆ ಅಲ್ಲಾಡಬಾರ್ದು. ಸದ್ದಾದ್ರೆ ಇಲ್ಲಿಗೂ ಬರ್ತಾರೆ."

ಅಷ್ಟರಲ್ಲಿ ನೀಲಿ ಅಂಗಿ ಬಂದೇ ಬಂತು. ಹೆಂಗಸು ಬಾಗಿಲ ಕಡೆ ಓಡಿದಳು, ಗಂಡಸು ಹಿಂದಿನಿಂದ ಭುಜಕ್ಕೆ ಕೈಹಾಕಿ ಜಗ್ಗಿದ. ಪರ್ರ್. ತೋಳು ಪೂರ್ತಿ ಅವನ ಕೈಗೆ ಬಂತು, ಒಂದು ದಾರವೂ ಉಳಿಯದಂತೆ. ಸಭೆಯಲ್ಲಿ ಯಾರೋ "ಅಯ್ಯೋ" ಅಂದರು. ಹೆಂಗಸು ನೆಲಕ್ಕೆ ಬಿದ್ದಳು. ಅವನು ಬರಿದಾದ ಆ ಕೈಯನ್ನೇ ಹಿಡಿದು ಎಳೆದುಕೊಂಡು ಹೊರಟ. ಮೂರನೇ ಸಾಲಿನಲ್ಲಿ ಕೂತವಳ ಎಡಗೈ ತಾನಾಗಿ ಹೊಟ್ಟೆಗೆ ಅವುಚಿಕೊಂಡಿತು. ಬಲಗೈ ಚಾಚಿ ಗುಂಡನ ಕಣ್ಣು ಮುಚ್ಚಲು ಹೋದಳು.

ಗುಂಡನ ಮುಖ ಅಲ್ಲಿರಲಿಲ್ಲ. ಅವನು ಆಗಲೇ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿಕೊಂಡಿದ್ದ. ಅಕ್ಕನ ಎರಡು ಅಂಗೈ ಅವನ ಎರಡು ಕಿವಿಯ ಮೇಲಿದ್ದವು. ಅವನು ಹೆದರಿರಲೂ ಇಲ್ಲ. ಪಾಠ ಒಪ್ಪಿಸುವ ಹುಡುಗನ ಗತ್ತಿನಲ್ಲಿ ಪಿಸುಪಿಸು ಅನ್ನುತ್ತಿದ್ದ: "ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು..."

ಈ ಊರಿನ ಶಾಲೆಗೆ ಸೇರಿಸುವಾಗ ಅವನಿಗೆ ನಾಲ್ಕು ವರ್ಷ. ನೂರರ ತನಕ ತಡವರಿಸದೆ ಎಣಿಸಿದ್ದನ್ನು ಕೇಳಿ ಟೀಚರ್ ಬೆರಗಾಗಿದ್ದರು. ಮಗ ಬುದ್ಧಿವಂತ ಎಂದು ಅವಳು ಅಂಗಡಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು.

ಆಮೇಲೆ ಅವಳು ಯಾರ ಕಾಲು ತುಳಿದಳೋ, ಯಾರು ಬೈದರೋ, ದೇವರಿಗೇ ಗೊತ್ತು. ಇಬ್ಬರನ್ನೂ ರಟ್ಟೆ ಹಿಡಿದು ಎಳೆದುಕೊಂಡೇ ಹೊರಗೆ ಬಂದಳು. ಹೊರಗೆ ಖಾಲಿ ಮೆಟ್ಟಿಲು, ಬಿಸಿಲು, ನೆಲ ಒರೆಸುತ್ತಿದ್ದ ಒಬ್ಬ ಮುದುಕಿ. ಮಗಳು ನಿಂತು ತನ್ನ ರಟ್ಟೆ ನೋಡಿಕೊಂಡಳು. ಅಮ್ಮ ಬೆಂಕಿ ಮುಟ್ಟಿದವಳ ಹಾಗೆ ಕೈಬಿಟ್ಟಳು.

"ಮಲಗಿರ್ತಿದ್ರಿ ನೀವು," ಎಂದಳು.

"ಕಣ್ಮುಚ್ಕೊಂಡಿರ್ತಿದ್ವಿ. ನೀನು ಆಮೇಲೆ ಬಂದು ಹೊದಿಸ್ತಿದ್ಯಲ್ಲ, ಆಗ ನಿಂಗೆ ಬೇಜಾರಾಗ್ಬಾರ್ದು ಅಂತ," ಎಂದಳು ಮಗಳು. "ಆಗ ನೂರು ಎಣಿಸಿದ್ರೆ ಸಾಕಾಗ್ತಿತ್ತು. ಅಷ್ಟರಲ್ಲಿ ಮುಗೀತಿತ್ತು. ಕೊನೇ ಸಲ ಮಾತ್ರ ಸಾಕಾಗ್ಲಿಲ್ಲ. ಅದಕ್ಕೇ ಈಗ ದಿನಾ ಮುಂದಿಂದು ಹೇಳಿಕೊಡ್ತಿದೀನಿ."

"ಈಗ ಯಾಕೆ ಪುಟ್ಟಾ? ಈಗ ಇಲ್ಲಿ ಯಾರಿದಾರೆ?"

"ಅಪ್ಪ ಕೆಲಸ ಮುಗಿಸ್ಕೊಂಡು ಬರ್ತಾರಲ್ಲ," ಎಂದಳು ಮಗಳು. "ನೀನೇ ಹೇಳಿದ್ಯಲ್ಲ."

"ನಂಗೆ ಐನೂರ ಹನ್ನೆರಡರ ತನಕ ಬರುತ್ತೆ," ಎಂದ ಗುಂಡ.

ಅವಳು ಮೆಟ್ಟಿಲ ಮೇಲೆ ಕೂತಳು. ಮಕ್ಕಳು ಕೊರಗದಿರಲಿ ಎಂದು ಎರಡು ವರ್ಷ ಹೇಳಿಕೊಂಡು ಬಂದ ಮಾತು ಅದು. ಊಟಕ್ಕೆ ಕೂತಾಗ, ತಲೆ ಬಾಚುವಾಗ, ನಗುನಗುತ್ತ ಹೇಳಿದ್ದಳು. ಪ್ರತಿ ಸಲವೂ ಈ ಹುಡುಗಿ ಅದನ್ನು ಕೇಳಿಸಿಕೊಂಡು, ತಮ್ಮನನ್ನು ಮೂಲೆಗೆ ಕರೆದು, ಮುಂದಿನ ಒಂದೆರಡು ಸಂಖ್ಯೆ ಕಲಿಸಿದ್ದಳು.

"ಅಪ್ಪ ಬರಲ್ಲ," ಎಂದಳು. "ಕೆಲಸಕ್ಕೆ ಹೋಗಿದಾರೆ ಅಂದಿದ್ದು ಸುಳ್ಳು. ನಾವೇ ಬಿಟ್ಟು ಬಂದಿದ್ದು. ನಾವೆಲ್ಲಿದೀವಿ ಅಂತಾನೂ ಅವರಿಗೆ ಗೊತ್ತಿಲ್ಲ."

ಮಗಳು ಅವಳ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ತೂಗುವವಳ ಹಾಗೆ ನೋಡಿದಳು.

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ನೀವು ಹೆದರ್ಕೋಬಾರ್ದು ಅಂತ."

ಆ ಮನೆಯಲ್ಲಾಗಲಿ, ಈ ಊರಿಗೆ ಬಂದ ಮೇಲಾಗಲಿ ಒಂದು ದಿನವೂ ಸದ್ದು ಮಾಡದ ಹುಡುಗಿ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಅಳತೊಡಗಿದಳು.